ವಾಂತಿ ನಿಲ್ಲಿಸುವ ಗುಳಿಗೆ: ಯಾವಾಗ, ಎಷ್ಟು, ಯಾರಿಗೆ?

ಗಡಿಯ ಈಚೆಗಿರುವ ನಮ್ಮ ಕನ್ನಡ ಮನೆಗಳಿಗೆ ದೊಡ್ಡ ಕಾಯಿಲೆಯೊಂದು ಬಂದಿತೆಂದರೆ ಅದರ ಹಿಂದೆ ಮೂರು ಭಾಷೆಗಳೂ ಬರುತ್ತವೆ. ಔಷಧದ ಚೀಟಿ ಇಂಗ್ಲಿಷಿನಲ್ಲಿರುತ್ತದೆ. ವೈದ್ಯರು ಬಾಯಿಂದ ಹೇಳುವ ಮಾತು ಮರಾಠಿಯಲ್ಲಿರುತ್ತದೆ. ಹೊತ್ತಿಗೆ ಸರಿಯಾಗಿ ಗುಳಿಗೆ ಕೊಡಬೇಕಾದ ತಾಯಿಯೋ ಸೊಸೆಯೋ ಯೋಚಿಸುವುದು ಮಾತ್ರ ಕನ್ನಡದಲ್ಲಿ. ಶಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ಕಡೆಯ ಶಾಲೆಗಳಲ್ಲಿ ಮುಖ್ಯಾಧ್ಯಾಪಕನಾದವನಿಗೆ ಹಾಜರಿ ಪುಸ್ತಕದ ಜೊತೆಗೆ ಊರವರ ಔಷಧದ ಚೀಟಿಗಳನ್ನು ಓದಿ ಹೇಳುವ ಕೆಲಸವೂ ತಪ್ಪಿದ್ದಲ್ಲ. ನಾವು ವೈದ್ಯರಲ್ಲ. ಆದರೆ ಅನೇಕ ವರ್ಷ ಚೀಟಿಗಳನ್ನು ಓದುತ್ತ, ತಿಳಿಯದುದನ್ನು ತಿಳಿದವರಲ್ಲಿ ಕೇಳುತ್ತ ಬಂದಂತೆ ಒಂದು ಸಂಗತಿ ನಮಗೆ ಸ್ಪಷ್ಟವಾಗಿದೆ. ರೋಗದ ಮುಖ್ಯ ಔಷಧದ ವಿಷಯದಲ್ಲಿ ಮನೆಯವರು ತೋರುವ ಎಚ್ಚರದ ಕಾಲುಭಾಗವನ್ನೂ ವಾಂತಿ ನಿಲ್ಲಿಸುವ ಗುಳಿಗೆಯ ವಿಷಯದಲ್ಲಿ ತೋರುವುದಿಲ್ಲ. ‘ಅದೇನು, ಹೊಟ್ಟೆ ತೊಳಸಿದರೆ ನುಂಗುವ ಗುಳಿಗೆ ತಾನೆ’ ಎಂಬ ಉದಾಸೀನ. ಕೆಲವೊಮ್ಮೆ ಕೊಡಬೇಕಾದಾಗ ಕೊಡುವುದಿಲ್ಲ; ಕೆಲವೊಮ್ಮೆ ಕೊಡಬಾರದಾಗ ಕೊಡುತ್ತಾರೆ. ಎರಡರಿಂದಲೂ ಹಾನಿಯುಂಟು.

ಮೊದಲು ಭಾಷೆಯ ತೊಡಕನ್ನೇ ನೋಡೋಣ. ‘ಹೊಟ್ಟೆ ತೊಳಸುತ್ತದೆ’ ಎನ್ನುವ ನಮ್ಮ ಮಾತಿಗೆ ಮರಾಠಿಯಲ್ಲಿ ‘ಮಳಮಳ’ ಎಂಬ ಅಚ್ಚ ಶಬ್ದವಿದೆ. ವಾಂತಿಗೆ ‘ಉಲಟಿ’ ಎನ್ನುತ್ತಾರೆ. ಇದು ಬಾರದ ನಮ್ಮ ಮುದುಕಿಯರು ಹೊಟ್ಟೆಯ ಮೇಲೆ ಕೈಯಿಟ್ಟು ‘ಪೋಟಾತ ದುಖತೆ’ ಎಂದುಬಿಡುತ್ತಾರೆ. ಹೊಟ್ಟೆ ನೋಯುತ್ತದೆ ಎಂದಾಯಿತು! ವೈದ್ಯರು ನೋವಿಗೆ ಔಷಧ ಬರೆಯುತ್ತಾರೆ; ಹಲವು ನೋವಿನ ಗುಳಿಗೆಗಳಿಂದ ಹೊಟ್ಟೆ ಇನ್ನಷ್ಟು ತೊಳಸುತ್ತದೆ. ಆದುದರಿಂದ ರೋಗಿಯ ಜೊತೆ ಹೋಗುವವರು ಈ ಎರಡು ಶಬ್ದಗಳನ್ನಾದರೂ ಬಾಯಿಪಾಠ ಮಾಡಿಕೊಂಡು ಹೋಗಬೇಕು. ಚೀಟಿಯಲ್ಲಿರುವ ಸಂಕೇತಗಳೂ ಹೀಗೆಯೇ. ‘1-0-1’ ಎಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂಬುದು ಈಗ ಬಹುಮಂದಿಗೆ ಗೊತ್ತು. ‘ಬಿ.ಡಿ.’ ಎಂದರೆ ದಿನಕ್ಕೆ ಎರಡು ಸಲ, ‘ಟಿ.ಡಿ.ಎಸ್.’ ಎಂದರೆ ಮೂರು ಸಲ. ‘ಎಸ್.ಓ.ಎಸ್.’ ಎಂದು ಬರೆದಿದ್ದರೆ ಅಗತ್ಯ ಬಿದ್ದಾಗ ಮಾತ್ರ. ವಾಂತಿಯ ಗುಳಿಗೆಯ ಮುಂದೆ ಈ ಮೂರರಲ್ಲಿ ಯಾವುದಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ‘ಟಿ.ಡಿ.ಎಸ್.’ ಎಂದಿರುವುದನ್ನು ‘ಬೇಕೆನಿಸಿದಾಗ’ ಎಂದು ತಿಳಿದರೆ ಏನಾಗುತ್ತದೆಂಬುದನ್ನು ಮುಂದೆ ಹೇಳುತ್ತೇವೆ.

ವಾಂತಿಯೆಂಬುದು ಹೊಟ್ಟೆಯ ಕೆಲಸವೆಂದು ನಾವೆಲ್ಲ ಭಾವಿಸುತ್ತೇವೆ. ನಿಜವಾಗಿ ಅದರ ಅಪ್ಪಣೆ ಹೊರಡುವುದು ಮಿದುಳಿನ ಬುಡದಿಂದ. ರಕ್ತದಲ್ಲಿ ವಿಷವೇನಾದರೂ ಸೇರಿದೆಯೇ ಎಂದು ಸದಾ ಕಾಯುತ್ತಿರುವ ಒಂದು ಚಿಕ್ಕ ಜಾಗ ಅಲ್ಲಿದೆ. ಕರುಳಿನಿಂದಲೂ ನರದ ಮೂಲಕ ಅಲ್ಲಿಗೆ ವರ್ತಮಾನ ತಲುಪುತ್ತಿರುತ್ತದೆ. ಕ್ಯಾನ್ಸರಿಗೆ ಕೊಡುವ ಔಷಧವು ಶರೀರದ ದೃಷ್ಟಿಯಲ್ಲಿ ವಿಷವೇ ಸರಿ. ಅದು ರಕ್ತಕ್ಕೆ ಸೇರಿದೊಡನೆ ಕರುಳಿನ ಒಳಪದರದ ಜೀವಕೋಶಗಳು ಸೆರೊಟೋನಿನ್ ಎಂಬ ದ್ರವ್ಯವನ್ನು ಸುರಿಯುತ್ತವೆ. ಅದು ನರವನ್ನು ಕೆರಳಿಸುತ್ತದೆ. ಮಿದುಳು ‘ಹೊರಗೆ ಹಾಕು’ ಎನ್ನುತ್ತದೆ. ಇಷ್ಟು ತಿಳಿದರೆ ವಾಂತಿ ತಡೆಯುವ ಔಷಧಗಳಲ್ಲಿ ಹಲವು ಜಾತಿಗಳೇಕೆ ಇವೆಯೆಂಬುದೂ ತಿಳಿಯುತ್ತದೆ. ಒಂದೊಂದು ಒಂದೊಂದು ದಾರಿಯನ್ನು ಕಟ್ಟುತ್ತದೆ. ಬಸ್ಸಿನಲ್ಲಿ ವಾಂತಿಯಾಗದಂತೆ ನುಂಗುವ ಗುಳಿಗೆ ಕ್ಯಾನ್ಸರ್ ಚಿಕಿತ್ಸೆಯ ವಾಂತಿಗೆ ಸಾಲದು; ದಾರಿ ಬೇರೆ, ಬಾಗಿಲು ಬೇರೆ.

ಹಿಂದಿನ ಕಾಲದ ರೋಗಿಗಳ ಪಾಡು ಬಹು ಕಠಿಣವಾಗಿತ್ತು. 1978ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸಿಸ್‌ಪ್ಲಾಟಿನ್ ಎಂಬ ಔಷಧ ಕೆಲವು ಕ್ಯಾನ್ಸರುಗಳನ್ನು ಗುಣಪಡಿಸಿ ಹೆಸರು ಮಾಡಿತು. ಆದರೆ ತಡೆಯೌಷಧವಿಲ್ಲದೆ ಅದನ್ನು ಪಡೆದವರಲ್ಲಿ ವಾಂತಿಯಾಗದವರೇ ವಿರಳ. ಗುಣವಾಗುವ ರೋಗವಿದ್ದೂ ‘ಇದಕ್ಕಿಂತ ಸಾವೇ ಲೇಸು’ ಎಂದು ಚಿಕಿತ್ಸೆ ಬಿಟ್ಟು ಹೋದವರಿದ್ದರು. 1981ರ ಸುಮಾರಿಗೆ ಮೆಟೋಕ್ಲೋಪ್ರಮೈಡನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟು ಸ್ವಲ್ಪ ತಡೆ ಕಂಡರು. 1990ರ ದಶಕದ ಮೊದಲಿಗೆ ಸೆರೊಟೋನಿನ್ನಿನ ದಾರಿಯನ್ನೇ ಕಟ್ಟುವ ಆಂಡಾನ್ಸೆಟ್ರಾನ್ ಬಂದಿತು. 2003ರಲ್ಲಿ ಏಪ್ರೆಪಿಟಾಂಟ್ ಬಂದಿತು. ಇಂದು ಇವುಗಳನ್ನು ಜೋಡಿಸಿ ಕೊಟ್ಟರೆ ಬಹುಪಾಲು ರೋಗಿಗಳು ವಾಂತಿಯಿಲ್ಲದೆ ಚಿಕಿತ್ಸೆ ಮುಗಿಸಿಕೊಳ್ಳಬಲ್ಲರು. ಆದುದರಿಂದ ಕೀಮೋ ಎಂದೊಡನೆ ‘ವಾಂತಿ ಮಾಡಿ ಮಾಡಿ ಸಾಯಬೇಕಾಗುತ್ತದೆ’ ಎಂದು ಹೆದರಿಸುವ ನೆಂಟರ ಮಾತನ್ನು ನಂಬಬೇಕಾಗಿಲ್ಲ. ಮಿರಜ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿಗಳಲ್ಲಿಯೂ ಈ ಚಿಕಿತ್ಸೆ ಈಗ ದೊರೆಯುತ್ತದೆ; ಎಲ್ಲರೂ ಮುಂಬಯಿಯ ಟಾಟಾ ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿಗೋ ಹೋಗಬೇಕೆಂದಿಲ್ಲ.

ಹತ್ತಿರದಲ್ಲಿ ಚಿಕಿತ್ಸೆ ದೊರೆಯುವುದರಿಂದಲೇ ಮನೆಯವರ ಹೊಣೆ ಹೆಚ್ಚಿದೆ. ಬೆಳಿಗ್ಗೆ ಹೋಗಿ ಸಲಾಯಿನ್ ಹಾಕಿಸಿಕೊಂಡು ಸಂಜೆಯ ಬಸ್ಸಿಗೆ ಮನೆಗೆ ಮರಳುತ್ತಾರೆ. ಮುಂದಿನ ಐದು ದಿನ ದಾದಿಯ ಕೆಲಸವೆಲ್ಲ ಮನೆಯವರದೇ. ಇಲ್ಲಿ ಬಹು ಮುಖ್ಯವಾದ ಮಾತೆಂದರೆ, ಈ ಗುಳಿಗೆಗಳು ವಾಂತಿ ಬಂದ ಮೇಲೆ ನಿಲ್ಲಿಸುವುದಕ್ಕಿಂತ ಬಾರದಂತೆ ತಡೆಯುವುದರಲ್ಲಿ ಹೆಚ್ಚು ಸಮರ್ಥವಾಗಿವೆ. ಚಿಕಿತ್ಸೆಯ ಔಷಧ ಏರಿಸುವ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲೇ ಅವು ಒಳಗೆ ಸೇರಿರಬೇಕು. ವಾಂತಿಯೂ ಒಂದೇ ಬಗೆಯದಲ್ಲ. ಮೊದಲ ಇಪ್ಪತ್ತನಾಲ್ಕು ಗಂಟೆಯೊಳಗೆ ಬರುವುದು ಒಂದು. ಎರಡನೆಯ ದಿನದಿಂದ ಐದನೆಯ ದಿನದವರೆಗೆ ತಡವಾಗಿ ಬರುವುದು ಇನ್ನೊಂದು. ಸಿಸ್‌ಪ್ಲಾಟಿನ್ ಪಡೆದವರಲ್ಲಿ ಈ ಎರಡನೆಯ ಬಗೆ ಎರಡು ಮೂರು ದಿನಗಳ ಹೊತ್ತಿಗೆ ಜೋರಾಗುತ್ತದೆ. ಮನೆಯವರು ಎಡವುವುದು ಇಲ್ಲಿಯೇ. ಮೊದಲ ದಿನ ಚೆನ್ನಾಗಿ ಕಳೆಯಿತು. ‘ವಾಂತಿಯೇ ಇಲ್ಲವಲ್ಲ, ಸುಮ್ಮನೆ ಗುಳಿಗೆ ಏಕೆ, ಉಷ್ಣವಾಗುತ್ತದೆ’ ಎಂದು ಉಳಿದುದನ್ನು ಡಬ್ಬಿಗೆ ಹಾಕುತ್ತಾರೆ. ವಾಂತಿಯಾಗದಿದ್ದುದು ಗುಳಿಗೆಯಿಂದಲೇ ಎಂಬುದು ಹೊಳೆಯುವುದಿಲ್ಲ. ಮೂರನೆಯ ದಿನ ರೋಗಿ ಏಳಲಾರ. ಇಂತಹ ಒಂದು ಸಲದ ಕಷ್ಟ ಮುಂದಿನ ಸರದಿಗೂ ಅಂಟಿಕೊಳ್ಳುತ್ತದೆ: ಆಸ್ಪತ್ರೆಯ ವಾಸನೆ ಮೂಗಿಗೆ ಬಿದ್ದರೆ ಸಾಕು, ಔಷಧ ಹಾಕುವ ಮೊದಲೇ ವಾಕರಿಕೆ ಬರತೊಡಗುತ್ತದೆ. ಹೀಗೆ ಮನಸ್ಸಿಗೆ ಹತ್ತಿದ ವಾಂತಿಗೆ ಸಾಮಾನ್ಯ ಗುಳಿಗೆ ನಾಟುವುದಿಲ್ಲ.

ಚೀಟಿಯಲ್ಲಿ ಜೋಡಿಯಾಗಿ ಬರೆಯುವ ಔಷಧಗಳಲ್ಲಿ ಮೂರನ್ನು ಕುರಿತು ಬಿಡಿಸಿ ಹೇಳಬೇಕು. ಏಪ್ರೆಪಿಟಾಂಟ್ ಮೂರು ದಿನದ ಕೊಳವೆ ಗುಳಿಗೆಗಳಾಗಿ ಬರುವುದುಂಟು. ಮೊದಲ ದಿನದ್ದು 125 ಮಿಲಿಗ್ರಾಂ, ಮುಂದಿನ ಎರಡು ದಿನದವು 80. ಕ್ರಮ ತಪ್ಪಬಾರದು. ಡೆಕ್ಸಾಮೆಥಾಸೋನ್ ಎಂಬುದು ಸ್ಟೀರಾಯ್ಡ್. ಊಟದ ಜೊತೆ, ಸಾಧ್ಯವಾದಷ್ಟು ಹಗಲು ಹೊತ್ತಿನಲ್ಲಿ ಕೊಡಬೇಕು, ರಾತ್ರಿ ಕೊಟ್ಟರೆ ನಿದ್ದೆ ಹಾರಿಹೋಗುತ್ತದೆ. ಸಕ್ಕರೆ ರೋಗವಿದ್ದವರಿಗೆ ಇದರಿಂದ ರಕ್ತದ ಸಕ್ಕರೆ ಏರುತ್ತದೆ. ಆದುದರಿಂದ ‘ನಮಗೆ ಸಕ್ಕರೆ ರೋಗವಿದೆ’ ಎಂಬುದನ್ನು ಕ್ಯಾನ್ಸರಿನ ವೈದ್ಯರಿಗೆ ಮೊದಲೇ ಹೇಳತಕ್ಕದ್ದು. ಮೂರನೆಯದು ಓಲಾಂಜಪಿನ್. ಇದು ಮೂಲತಃ ಮನೋರೋಗಕ್ಕೆ ಕೊಡುವ ಗುಳಿಗೆ. ಕೀಮೋದ ತಡವಾದ ವಾಕರಿಕೆಗೆ ಚಿಕ್ಕ ಪ್ರಮಾಣದಲ್ಲಿ ಕೆಲವೇ ದಿನ ಕೊಟ್ಟರೆ ಬಹಳ ಗುಣ ಕಾಣುವುದೆಂದು ಸಾಬೀತಾಗಿರುವುದರಿಂದ ಈಗ ವೈದ್ಯರು ಹೆಚ್ಚಾಗಿ ಬರೆಯುತ್ತಾರೆ. ಆದರೆ ಯಾರೋ ಓದಿದವರು ‘ಇದು ತಲೆ ಕೆಟ್ಟವರ ಔಷಧ’ ಎಂದು ಹೇಳಿಬಿಟ್ಟರೆ ಮನೆಯಲ್ಲಿ ಗದ್ದಲ! ಗುಳಿಗೆ ಗಟಾರ ಸೇರುತ್ತದೆ. ಅರ್ಧ ಓದಿದವರ ಉಪಕಾರ ಇಷ್ಟರ ಮಟ್ಟಿಗೆ. ಅದನ್ನು ರಾತ್ರಿ ಮಲಗುವಾಗ ಕೊಡಬೇಕು. ಮಂಪರು ಬರುವುದರಿಂದ ವಯಸ್ಸಾದವರನ್ನು ರಾತ್ರಿ ಒಬ್ಬರನ್ನೇ ಬಚ್ಚಲಿಗೆ ಕಳಿಸಬಾರದು.

ಇನ್ನು ಗಡಿಯ ಜನರಿಗೇ ಮೀಸಲಾದ ಅಪಾಯವೊಂದಿದೆ. ನಮ್ಮ ರೋಗಿ ಎರಡು ರಾಜ್ಯಗಳ ವೈದ್ಯರಿಗೆ ತೋರಿಸುತ್ತಾನೆ. ಚಿಕಿತ್ಸೆ ಕೊಲ್ಹಾಪುರದಲ್ಲಿ, ನಡುವೆ ಮಗಳ ಮನೆಗೆಂದು ನಿಪ್ಪಾಣಿಗೋ ಚಿಕ್ಕೋಡಿಗೋ ಹೋದಾಗ ಹೊಟ್ಟೆ ಉಬ್ಬರಿಸಿದರೆ ಅಲ್ಲಿಯ ವೈದ್ಯರು ಇನ್ನೊಂದು ಚೀಟಿ ಬರೆಯುತ್ತಾರೆ. ಎರಡು ಕಡೆಯ ಗುಳಿಗೆಗಳ ಹೆಸರು ಬೇರೆ, ಬಣ್ಣ ಬೇರೆ. ಒಳಗಿರುವ ಔಷಧ ಒಂದೇ. ವಿಶೇಷವಾಗಿ ಆಮ್ಲಪಿತ್ತಕ್ಕೆ ಕೊಡುವ ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್ ಮುಂತಾದವುಗಳ ಹೆಸರಿನ ಕೊನೆಗೆ ‘ಡಿ’ ಎಂಬ ಅಕ್ಷರವಿದ್ದರೆ ಅದರೊಳಗೆ ಸಾಮಾನ್ಯವಾಗಿ ಡಾಂಪೆರಿಡೋನ್ ಎಂಬ ವಾಂತಿಯ ಔಷಧವೂ ಸೇರಿರುತ್ತದೆ. ‘ಪ್ಯಾನ್-ಡಿ’ ನುಂಗಿ, ಮೇಲೆ ‘ಡಾಮ್‌ಸ್ಟಾಲ್’ ನುಂಗಿದರೆ ಡಾಂಪೆರಿಡೋನನ್ನೇ ಎರಡು ಸಲ ನುಂಗಿದಂತೆ. ಹೆಚ್ಚಾದರೆ ಅದು ಹೃದಯದ ಬಡಿತದ ಲಯವನ್ನು ಕೆಡಿಸಬಲ್ಲದು. ಅರುವತ್ತು ದಾಟಿದವರಲ್ಲಿ, ಹೃದ್ರೋಗಿಗಳಲ್ಲಿ ಈ ಭಯ ಹೆಚ್ಚು. ಈ ಕಾರಣದಿಂದಲೇ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯು 2014ರಲ್ಲಿ, ದೊಡ್ಡವರಿಗೆ ಒಂದು ಸಲಕ್ಕೆ 10 ಮಿಲಿಗ್ರಾಂ, ದಿನಕ್ಕೆ ಮೂರೇ ಸಲ, ಸಾಮಾನ್ಯವಾಗಿ ಒಂದು ವಾರ ಮೀರಬಾರದು ಎಂದು ಮಿತಿ ಹಾಕಿತು. ನಮ್ಮಲ್ಲಿಯೋ, ಹೊಟ್ಟೆಯುಬ್ಬರಕ್ಕೆಂದು ಇದನ್ನು ವರ್ಷಗಟ್ಟಲೆ ಚಹದಂತೆ ಸೇವಿಸುವವರಿದ್ದಾರೆ. ಕ್ಲಾರಿಥ್ರೊಮೈಸಿನ್, ಎರಿಥ್ರೊಮೈಸಿನ್ ಎಂಬ ಜೀವಿರೋಧಕಗಳ ಜೊತೆಗೆ, ಬಾಯಿಹುಣ್ಣಿನ ಬೂಷ್ಟಿಗೆ ಕೊಡುವ ಫ್ಲುಕೊನಜೋಲ್ ಜೊತೆಗೆ ಇದು ಕೂಡದು. ಆಂಡಾನ್ಸೆಟ್ರಾನಿಗೂ ಹೃದಯದ ಲಯದ ಮೇಲೆ ಇಂತಹುದೇ ಪರಿಣಾಮ ಉಂಟು. ಆದುದರಿಂದ ಮನೆಯಲ್ಲಿರುವ ಎಲ್ಲ ಗುಳಿಗೆಗಳ ಪಟ್ಟಿಗಳನ್ನೂ ಒಂದು ಚೀಲದಲ್ಲಿ ಹಾಕಿ, ಯಾವ ವೈದ್ಯರ ಬಳಿಗೆ ಹೋದರೂ ಮೇಜಿನ ಮೇಲೆ ಸುರಿಯಬೇಕು. ಭಾಷೆ ಬಾರದಿದ್ದರೂ ಚೀಲ ಮಾತನಾಡುತ್ತದೆ. ಪಟ್ಟಿಯನ್ನು ಕತ್ತರಿಸಿ ಬಿಡಿ ಗುಳಿಗೆ ತರುವವರು ಹೆಸರಿರುವ ತುಂಡನ್ನೇ ಕೇಳಿ ತರಬೇಕು.

ಇನ್ನೊಂದು ಸಂಗತಿಯನ್ನು ತಾಯಂದಿರು ಗಮನವಿಟ್ಟು ಓದಬೇಕೆಂದು ಬೇಡುತ್ತೇವೆ. ಜ್ವರ, ವಾಂತಿಗೆಂದು ಔಷಧ ಪಡೆದ ಹುಡುಗ ಅಥವಾ ಹುಡುಗಿ ಕೆಲವು ಗಂಟೆಗಳಲ್ಲಿ, ಇಲ್ಲವೆ ಮರುದಿನ, ಇದ್ದಕ್ಕಿದ್ದಂತೆ ಕತ್ತು ಒಂದು ಕಡೆಗೆ ತಿರುಚಿಕೊಂಡು, ಕಣ್ಣುಗುಡ್ಡೆ ಮೇಲಕ್ಕೇರಿಸಿಕೊಂಡು, ನಾಲಿಗೆ ಹೊರಚಾಚಿ, ದವಡೆ ಬಿಗಿದು ನರಳತೊಡಗುವುದುಂಟು. ಎಚ್ಚರವಿರುತ್ತದೆ, ಮಾತು ಹೊರಡುವುದಿಲ್ಲ. ನೋಡಿದವರಿಗೆ ಎದೆ ಝಲ್ಲೆನ್ನುತ್ತದೆ. ‘ಗಾಳಿ ಸೋಕಿತು’ ಎಂದು ನಿಂಬೆಹಣ್ಣು ಕೊಯ್ದು, ಅಂಗಾರ ಹಚ್ಚಿ, ದೇವರ ಕಟ್ಟೆಗೆ ಹೊತ್ತುಕೊಂಡು ಹೋಗುವ ಮನೆಗಳು ನಮ್ಮ ಭಾಗದಲ್ಲಿ ಇನ್ನೂ ಇವೆ. ಇದು ಗಾಳಿಯಲ್ಲ, ಮಾಟವೂ ಅಲ್ಲ. ಮೆಟೋಕ್ಲೋಪ್ರಮೈಡ್ (ಅಂಗಡಿಯಲ್ಲಿ ‘ಪೆರಿನಾರ್ಮ್’ ಎಂದು ಪ್ರಸಿದ್ಧ), ಪ್ರೋಕ್ಲೋರ್‌ಪೆರಜೀನ್ (‘ಸ್ಟೆಮೆಟಿಲ್’) ಎಂಬ ವಾಂತಿಯ ಔಷಧಗಳು ಮಿದುಳಿನಲ್ಲಿ ಸ್ನಾಯುಗಳ ಹತೋಟಿಯನ್ನು ಕೆಡಿಸಿದ್ದರ ಫಲ. ಮಕ್ಕಳಲ್ಲಿ, ಹರೆಯದವರಲ್ಲಿ, ಅದರಲ್ಲಿಯೂ ಎಳೆಯ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು. ಒಳ್ಳೆಯ ಸುದ್ದಿಯೆಂದರೆ ದವಾಖಾನೆಯಲ್ಲಿ ತಕ್ಕ ಇಂಜೆಕ್ಷನ್ ಕೊಟ್ಟರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಕತ್ತು ನೆಟ್ಟಗಾಗುತ್ತದೆ. ಆದರೆ ಏನು ಕೊಟ್ಟಿರಿ ಎಂಬುದನ್ನು ವೈದ್ಯರಿಗೆ ತೋರಿಸಬೇಕು. ಇಲ್ಲವಾದರೆ ಅವರೂ ಧನುರ್ವಾಯುವೋ ಮೂರ್ಛೆಯೋ ಎಂದು ಹುಡುಕಬೇಕಾಗುತ್ತದೆ. 2013ರಲ್ಲಿ ಯುರೋಪಿನ ಅದೇ ಸಂಸ್ಥೆ ಮೆಟೋಕ್ಲೋಪ್ರಮೈಡನ್ನು ಒಂದು ವರ್ಷದೊಳಗಿನ ಕೂಸುಗಳಿಗೆ ಕೊಡಲೇಬಾರದೆಂದೂ, ಯಾರಿಗೇ ಆಗಲಿ ಐದು ದಿನ ಮೀರಬಾರದೆಂದೂ ವಿಧಿಸಿತು. ದೊಡ್ಡವರ ಗುಳಿಗೆಯನ್ನು ಅರ್ಧ ಮುರಿದು ಮಗುವಿಗೆ ಕೊಡುವ ಪದ್ಧತಿ ಇಲ್ಲಿಗೆ ನಿಲ್ಲಬೇಕು. ಮಕ್ಕಳಿಗೆ ತೂಕದ ಲೆಕ್ಕ. ಅದನ್ನು ಹಾಕಬೇಕಾದವರು ವೈದ್ಯರು.

ತಡೆಯಬಾರದ ವಾಂತಿಯೂ ಉಂಟು. 2012ರ ಬೇಸಿಗೆಯನ್ನು ಇಚಲಕರಂಜಿಯವರು ಮರೆತಿರಲಾರರು. ಕುಡಿಯುವ ನೀರು ಕೆಟ್ಟು ಕಾಮಾಲೆ ಹರಡಿತು. ಸಾವಿರಾರು ಜನ ಹಾಸಿಗೆ ಹಿಡಿದರು, ಹಲವರು ಪ್ರಾಣ ಕಳೆದುಕೊಂಡರು. ಅದು ನೀರಿನಿಂದ ಬರುವ ಹೆಪಟೈಟಿಸ್ ‘ಇ’ ಎಂಬ ಜಾತಿಯ ಕಾಮಾಲೆ. ಗರ್ಭಿಣಿಯರಿಗೆ ಅದು ಮೃತ್ಯುಪ್ರಾಯ. ಈ ರೋಗದಲ್ಲಿ ಕಣ್ಣು ಹಳದಿಯಾಗುವುದಕ್ಕೆ ಕೆಲವು ದಿನ ಮೊದಲೇ ಊಟ ಸೇರದಿರುವುದು, ಹೊಟ್ಟೆ ತೊಳಸುವುದು, ವಾಂತಿ ಆರಂಭವಾಗುತ್ತವೆ. ಆಗ ಅಂಗಡಿಯಿಂದ ಗುಳಿಗೆ ತಂದು ವಾಂತಿಯ ಬಾಯಿ ಮುಚ್ಚಿಸಿದರೆ ಯಕೃತ್ತಿನ ಕೂಗು ಕೇಳಿಸದೆ ಹೋಗುತ್ತದೆ. ಯಕೃತ್ತು ಕೆಟ್ಟಾಗ ಈ ಗುಳಿಗೆಗಳೇ ಶರೀರದಲ್ಲಿ ಕರಗದೆ ಹೆಚ್ಚು ಹೊತ್ತು ಉಳಿಯುತ್ತವೆ ಎಂಬುದೂ ನೆನಪಿರಲಿ.

ಕ್ಷಯದ ಚಿಕಿತ್ಸೆಯಲ್ಲಿರುವವರಿಗೆ ಇದೇ ಮಾತು ಇನ್ನೂ ಒತ್ತಿ ಹೇಳಬೇಕಾಗಿದೆ. ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಈ ಮೂರೂ ಯಕೃತ್ತನ್ನು ನೋಯಿಸಬಲ್ಲ ಔಷಧಗಳು. ಮೊದಲ ದಿನಗಳಲ್ಲಿ ಸ್ವಲ್ಪ ವಾಕರಿಕೆ ಸಹಜವೇ. ವೈದ್ಯರಿಗೆ ತಿಳಿಸಿದರೆ ಹೊತ್ತು ಬದಲಿಸಿ ಸರಿಪಡಿಸುತ್ತಾರೆ. ಆದರೆ ವಾಂತಿ ಹಠ ಹಿಡಿದು, ಮೂತ್ರ ಕಪ್ಪು ಚಹದ ಬಣ್ಣಕ್ಕೆ ತಿರುಗಿ, ಕಣ್ಣಿನ ಬಿಳಿ ಹಳದಿಯಾದರೆ ಮುಂದಿನ ಗುಳಿಗೆ ನುಂಗುವ ಮೊದಲು, ಅದೇ ದಿನ, ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ವಾಂತಿಗೆ ಬೇಸತ್ತು ಯಾರಿಗೂ ಹೇಳದೆ ಕ್ಷಯದ ಗುಳಿಗೆಯನ್ನು ಮೂಲೆಗಿಡುವುದೂ ಅಷ್ಟೇ ಅಪಾಯ. ರೋಗ ಔಷಧಕ್ಕೆ ಬಗ್ಗದಂತಾಗುತ್ತದೆ.

ತಲೆಗೆ ಪೆಟ್ಟು ಬಿದ್ದ ಮೇಲಿನ ವಾಂತಿ, ತಡೆಯಲಾರದ ತಲೆನೋವಿನೊಡನೆ ಬರುವ ವಾಂತಿ, ರಕ್ತ ಕಂಡ ಅಥವಾ ಕಾಫಿಪುಡಿಯಂತಹ ಕಪ್ಪು ವಾಂತಿ, ಹೊಟ್ಟೆ ಉಬ್ಬಿ ಮಲವೂ ವಾಯುವೂ ಹೋಗದೆ ಹಸಿರು ಪಿತ್ತ ಕಾರುವುದು: ಇವುಗಳಿಗೆ ಮನೆಯ ಗುಳಿಗೆ ಸಲ್ಲದು. ಕರುಳು ಕಟ್ಟಿಕೊಂಡವರಿಗೆ ಮೆಟೋಕ್ಲೋಪ್ರಮೈಡ್, ಡಾಂಪೆರಿಡೋನ್ ನಿಷಿದ್ಧ. ಮುಚ್ಚಿದ ಬಾಗಿಲಿಗೆ ಹಿಂದಿನಿಂದ ನೂಕಿದಂತಾಗುತ್ತದೆ. ಕೀಮೋ ಪಡೆಯುತ್ತಿರುವವರಿಗೆ ವಾಂತಿಯ ಜೊತೆ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗುವವರೆಗೂ ಕಾಯಬಾರದು.

ಬಸುರಿಯರ ವಾಂತಿಯ ಬಗೆಗೆ ಎರಡೇ ಮಾತು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೋಮೈಡ್ ಎಂಬ ಗುಳಿಗೆಯನ್ನು ನಿದ್ದೆಗೂ ಬಸುರಿಯರ ವಾಕರಿಕೆಗೂ ನಿರಪಾಯವೆಂದು ಕೊಟ್ಟರು. 1961ರಲ್ಲಿ ಅದನ್ನು ಹಿಂತೆಗೆದುಕೊಳ್ಳುವ ಹೊತ್ತಿಗೆ ಕೈಕಾಲು ಬೆಳೆಯದ ಮಕ್ಕಳು ಸಾವಿರಗಟ್ಟಲೆ ಹುಟ್ಟಿದ್ದರು. ಇಂದು ಡಾಕ್ಸಿಲಮೀನ್ ಮತ್ತು ಬಿ-6 ಜೀವಸತ್ವ ಕೂಡಿದ, ದೀರ್ಘಕಾಲ ಪರೀಕ್ಷೆಗೆ ನಿಂತ ಗುಳಿಗೆ ಇದೆ. ಆದರೂ ಬಸುರಿ ತಾನಾಗಿ, ಅಥವಾ ಅತ್ತಿಗೆಯ ಡಬ್ಬಿಯಿಂದ, ಯಾವುದನ್ನೂ ನುಂಗಬಾರದು.

ಮನೆಯಲ್ಲಿ ಮಾಡಬಹುದಾದುದು ಕಡಿಮೆಯೇನಲ್ಲ. ಗುಳಿಗೆ ನುಂಗಿದ ಕೂಡಲೇ ವಾಂತಿಯಾಗಿ ಗುಳಿಗೆ ಹಾಗೆಯೇ ಹೊರಬಿದ್ದರೆ ವೈದ್ಯರನ್ನು ಕೇಳಿ ಮತ್ತೊಂದು ಕೊಡಬಹುದು. ಗಂಟೆ ಕಳೆದಿದ್ದರೆ ಅಂದಾಜಿನಿಂದ ಮತ್ತೆ ಕೊಡಬಾರದು. ನುಂಗಲಾರದವರಿಗೆ ನಾಲಿಗೆಯ ಮೇಲಿಟ್ಟರೆ ಕರಗುವ ಆಂಡಾನ್ಸೆಟ್ರಾನ್ ಗುಳಿಗೆ ಸಿಗುತ್ತದೆ. ಒದ್ದೆ ಕೈಯಿಂದ ಮುಟ್ಟಬಾರದು. ಈ ಔಷಧದಿಂದ ಮಲಬದ್ಧತೆಯಾಗುವುದು ಸಾಮಾನ್ಯ. ನಮ್ಮ ಹಿರಿಯರು ನಾಚಿಕೆಯಿಂದ ಇದನ್ನು ಸೊಸೆಗಾಗಲಿ ವೈದ್ಯರಿಗಾಗಲಿ ಹೇಳುವುದಿಲ್ಲ. ನಾಲ್ಕು ದಿನ ಮಲ ಕಟ್ಟಿದರೆ ಅದೇ ಮತ್ತೆ ವಾಂತಿಗೆ ದಾರಿ. ಕೇಳಿ ತಿಳಿಯಬೇಕು.

ಆಹಾರದಲ್ಲಿ, ‘ಶಕ್ತಿ ಬರಲಿ’ ಎಂದು ಕೊಲ್ಹಾಪುರದ ರೂಢಿಯಂತೆ ರೋಗಿಯ ಮುಂದೆ ಪಾಂಢರಾ ರಸ್ಸಾದ ಬಟ್ಟಲು ತಂದಿಡುವವರ ಪ್ರೀತಿಗೆ ನಮಸ್ಕಾರ; ಆದರೆ ಆ ವಾರ ಅದು ಬೇಡ. ಬಿಸಿ ಒಗ್ಗರಣೆಯ ಘಾಟು, ಮೆಣಸಿನಕಾಯಿ ಹುರಿಯುವ ಕಮಟು ಗುಳಿಗೆಯ ಕೆಲಸವನ್ನೆಲ್ಲ ಹಾಳುಮಾಡುತ್ತವೆ. ತಣ್ಣಗಾದ ಜೋಳದ ಅಂಬಲಿ, ಅನ್ನದ ಗಂಜಿ, ತೆಳು ಮಜ್ಜಿಗೆ, ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ಶುಂಠಿಯಿಂದ ಅಲ್ಪ ಸಹಾಯವಿದೆ, ಗುಳಿಗೆಯ ಬದಲಿಗಲ್ಲ. ವಾಂತಿಯಾದವರಿಗೆ ನೀರಡಿಕೆ ಇಂಗಿಸಲು ಓ.ಆರ್.ಎಸ್. ಪುಡಿಯ ದೊಡ್ಡ ಪೊಟ್ಟಣವನ್ನು ಒಂದು ಲೀಟರ್ ಕಾಯಿಸಿ ಆರಿಸಿದ ನೀರಿನಲ್ಲಿ ಪೂರ್ತಿ ಕರಗಿಸಬೇಕು, ಅರ್ಧರ್ಧ ಅಲ್ಲ. ಮಗು ಕುಡಿದುದನ್ನು ಕಕ್ಕಿದರೆ ಹತ್ತು ನಿಮಿಷ ತಡೆದು, ಮತ್ತೆ ಚಮಚದಿಂದ ಮೆಲ್ಲಗೆ ಕೊಡಬೇಕು.

ಚೀಟಿ ಓದಿಸಿಕೊಳ್ಳಲು ಬರುವವರಿಗೆ ನಾವು ಶಾಲೆಯ ಒಂದು ಹಳೆಯ ನೋಟಬುಕ್ಕು ಕೊಟ್ಟು ಗೆರೆ ಹಾಕಿಕೊಡುತ್ತೇವೆ. ತಾರೀಖು, ಗುಳಿಗೆ ಕೊಟ್ಟ ಗಂಟೆ, ವಾಂತಿ ಎಷ್ಟು ಸಲ, ಎಷ್ಟು ಹೊತ್ತಿಗೆ, ಮೂತ್ರದ ಬಣ್ಣ, ಮಲವಾಯಿತೇ ಇಲ್ಲವೇ. ಹೆಸರನ್ನು ಕನ್ನಡದಲ್ಲಿ ಬರೆದರೂ ಅಂಕಿಗಳು ಎಲ್ಲ ವೈದ್ಯರಿಗೂ ತಿಳಿಯುತ್ತವೆ. ಐದನೆಯ ತರಗತಿಯ ಹುಡುಗಿಯೊಬ್ಬಳು ಅಜ್ಜಿಯ ಆರು ಸರದಿಗಳ ಚಿಕಿತ್ಸೆಗೂ ಹೀಗೆ ಬರೆದಿಟ್ಟಳು. ಅಜ್ಜಿಗೆ ವಾಂತಿ ಹೆಚ್ಚುತ್ತಿದ್ದುದು ಪ್ರತಿ ಸಲವೂ ಮೂರನೆಯ ದಿನ ಸಂಜೆ ಎಂಬುದು ಆ ಪುಟಗಳಿಂದ ಕಂಡಿತು. ವೈದ್ಯರು ನಾಲ್ಕನೆಯ ಸರದಿಯಿಂದ ರಾತ್ರಿಯ ಗುಳಿಗೆಯನ್ನು ಎರಡು ದಿನ ಮುಂದುವರಿಸಿದರು.